ಹೊಂಬಣ್ಣದ ಡುರಾಂಟ ಹಸಿರಿಗೆ ತಿರುಗುವುದೇಕೆ?

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯ ಕಾಂಪೌಂಡಿನೊಳಗೆ ಗೋಲ್ಡನ್ ಡುರಾಂಟವನ್ನು ಬೇಲಿಯಂತೆ ಸಾಲಾಗಿ ನೆಟ್ಟಿದ್ದೇವೆ. ನರ್ಸರಿಯಿಂದ ತಂದಾಗ ಎಲೆಗಳೆಲ್ಲ ಹೊಂಬಣ್ಣವಾಗಿದ್ದವು, ಈಗ ಬಹುಪಾಲು ಹಸಿರಾಗಿವೆ. ಯಾವ ಗೊಬ್ಬರ ಹಾಕಬೇಕು?

ಉತ್ತರ: ಗೊಬ್ಬರದ ಮಾತನ್ನು ಸದ್ಯಕ್ಕೆ ಬದಿಗಿಟ್ಟು, ಆ ಸಾಲಿನ ಮೇಲೆ ದಿನಕ್ಕೆ ಎಷ್ಟು ಹೊತ್ತು ನೇರ ಬಿಸಿಲು ಬೀಳುತ್ತದೆ ಎಂಬುದನ್ನು ಮೊದಲು ಗಮನಿಸಿ. ಈ ತಳಿಯ ಎಲೆಯಲ್ಲಿ ಪತ್ರಹರಿತ್ತು ಸಾಧಾರಣ ಡುರಾಂಟದಲ್ಲಿ ಇರುವುದಕ್ಕಿಂತ ಕಡಿಮೆ. ಆದ್ದರಿಂದಲೇ ಅದರ ಮರೆಯಲ್ಲಿ ಉಳಿಯಬೇಕಾಗಿದ್ದ ಹಳದಿ ವರ್ಣಗಳು ಕಣ್ಣಿಗೆ ಬೀಳುತ್ತವೆ. ಬಿಸಿಲು ಸಾಲದಾದಾಗ ಗಿಡವು ಸಿಕ್ಕ ಬೆಳಕನ್ನು ಬಿಡದೆ ಹಿಡಿದುಕೊಳ್ಳಲು ಎಲೆಯಲ್ಲಿ ಪತ್ರಹರಿತ್ತನ್ನು ಹೆಚ್ಚಿಸಿಕೊಳ್ಳುತ್ತದೆ. ಇದು ರೋಗವಲ್ಲ. ಬಣ್ಣ ಚೆನ್ನಾಗಿ ಬಂದಿರುವ ಗಿಡದಲ್ಲೂ ಹೊರಗಿನ ಕೊಂಬೆಗಳನ್ನು ಕೈಯಿಂದ ಸರಿಸಿ ನೋಡಿ: ತುದಿಯ ಚಿಗುರು ಹೊನ್ನಿನಂತಿದ್ದರೆ, ಗೇಣುದ್ದ ಒಳಗಿನ ಎಲೆಗಳು ಹಸಿರಾಗಿಯೇ ಇರುತ್ತವೆ. ನಿತ್ಯಹರಿದ್ವರ್ಣದ ಗಿಡವೆಂದರೆ ವರ್ಷವಿಡೀ ಎಲೆ ಉಳಿಸಿಕೊಳ್ಳುವ ಗಿಡವೆಂದಷ್ಟೇ ಅರ್ಥ. ಅದೇ ಬಣ್ಣವನ್ನೂ ಉಳಿಸಿಕೊಳ್ಳುತ್ತದೆಂಬ ಭರವಸೆ ಅದರಲ್ಲಿಲ್ಲ.

ನಿಮ್ಮ ಸಾಲು ಮನೆಯ ಉತ್ತರ ದಿಕ್ಕಿಗಿದ್ದರೆ ಕಾರಣಕ್ಕಾಗಿ ಹೆಚ್ಚು ಹುಡುಕಬೇಕಾಗಿಲ್ಲ. ಬೆಂಗಳೂರು ಸಮಭಾಜಕ ರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿರುವುದರಿಂದ, ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ, ಡಿಸೆಂಬರ್ ಕೊನೆಯ ಹೊತ್ತಿಗೆ ನೆತ್ತಿಯಿಂದ 36 ಡಿಗ್ರಿಗೂ ಹೆಚ್ಚು ದಕ್ಷಿಣಕ್ಕೆ ವಾಲಿರುತ್ತಾನೆ. ಆಗ 30 ಅಡಿ ಎತ್ತರದ ಮನೆಯ ನೆರಳು ನಡುಹಗಲಲ್ಲೂ ಉತ್ತರಕ್ಕೆ ಸುಮಾರು 22 ಅಡಿ ಚಾಚುತ್ತದೆ. 30×40 ಸೈಟಿನಲ್ಲಿ ಗೋಡೆಗೂ ಕಾಂಪೌಂಡಿಗೂ ನಡುವೆ ಬಿಟ್ಟ ಮೂರು ನಾಲ್ಕು ಅಡಿಯ ಜಾಗ ಆ ನೆರಳಿನಿಂದ ಹೊರಬರುವ ಮಾತೇ ಇಲ್ಲ. ಮೇ ತಿಂಗಳಲ್ಲಿ ಬಿಸಿಲು ನೋಡಿ ನೆಟ್ಟವರು ಸಂಕ್ರಾಂತಿಯ ಹೊತ್ತಿಗೆ ನರ್ಸರಿಯವರನ್ನು ದೂರುವುದು ಇದರಿಂದಲೇ. ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಈ ಗಿಡಕ್ಕೆ ಬೇಕು. ನೆಡುವ ಮುನ್ನ ಚಳಿಗಾಲದ ಬಿಸಿಲನ್ನೇ ಲೆಕ್ಕಕ್ಕೆ ಹಿಡಿಯುವುದು ಜಾಣತನ.

ಬಿಸಿಲು ಸಾಕಷ್ಟಿದ್ದೂ ಅಲ್ಲಲ್ಲಿ ಒಂದೆರಡು ಕೊಂಬೆಗಳು ಮಾತ್ರ ಕಡುಹಸಿರಾಗಿ, ಉಳಿದವನ್ನು ಮೀರಿ ನೆಟ್ಟಗೆ ಎದ್ದಿದ್ದರೆ, ಅವು ಮೂಲ ಹಸಿರು ರೂಪಕ್ಕೆ ಮರಳಿದ ಕೊಂಬೆಗಳು. ಪತ್ರಹರಿತ್ತು ಹೆಚ್ಚಿರುವುದರಿಂದ ಅವು ಬೇಗ ಬೆಳೆದು ಇಡೀ ಗಿಡವನ್ನು ಆವರಿಸುತ್ತವೆ. ಅವುಗಳ ತುದಿ ಕತ್ತರಿಸಿದರೆ ಇನ್ನಷ್ಟು ಕವಲೊಡೆಯುತ್ತವೆಯಾದ್ದರಿಂದ, ಹುಟ್ಟಿದ ಬುಡಕ್ಕೇ ಕತ್ತರಿ ಹಾಕಬೇಕು.

ಬಿಸಿಲಿನ ಜಾಗದಲ್ಲಿ ಬಣ್ಣ ಕಾಯುವುದು ಕತ್ತರಿಯೇ, ಏಕೆಂದರೆ ಹೊಂಬಣ್ಣ ಮುಖ್ಯವಾಗಿ ಎಳೆಯ ಎಲೆಯದು. ಹೆಚ್ಚು ಒಳಕ್ಕೆ ಸವರಿದ ಕೂಡಲೇ ಒಳಗಿನ ಹಸಿರು ಬಯಲಾಗಿ ಬೇಲಿ ಪೇಲವವಾಗಿ ಕಾಣುತ್ತದೆ, ಅದಕ್ಕೆ ಗಾಬರಿಯಾಗದೆ ಕೆಲವು ವಾರ ಕಾದರೆ ಹೊಸ ಕುಡಿಗಳು ಬಣ್ಣ ತರುತ್ತವೆ. ಯೂರಿಯಾದಂಥ ಸಾರಜನಕದ ಗೊಬ್ಬರವನ್ನು ಧಾರಾಳವಾಗಿ ಹಾಕಿದರೆ ಹಸಿರೇ ಹೆಚ್ಚುತ್ತದೆ. ಮಳೆಗಾಲದ ಆರಂಭದಲ್ಲಿ ಬುಡಕ್ಕೆ ಒಂದೆರಡು ಹಿಡಿ ಎರೆಗೊಬ್ಬರ ಸಾಕು.

ಇದಕ್ಕೆ ವ್ಯತಿರಿಕ್ತವಾದ ದೂರೂ ಉಂಟು. ಎಲೆ ಬಿಳಿಚಿಕೊಂಡು ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಹೊಂಬಣ್ಣವಲ್ಲ, ಹೆಚ್ಚಾಗಿ ಕಬ್ಬಿಣಾಂಶದ ಕೊರತೆ. ಬೋರ್‌ವೆಲ್‌ನ ಗಡಸು ನೀರನ್ನೇ ಸದಾ ಹಾಕುವ ಕುಂಡಗಳಲ್ಲಿ ಮಣ್ಣು ಕ್ಷಾರವಾಗಿ, ಇದ್ದ ಕಬ್ಬಿಣವೂ ಬೇರಿಗೆ ದಕ್ಕದೆ ಹೋಗಬಹುದು. ಅಂಥಲ್ಲಿ ಹಿಡಿದಿಟ್ಟ ಮಳೆನೀರು ಹಾಕುವುದು ಒಳ್ಳೆಯದು.

ಸವರದೆ ಬಿಟ್ಟ ಡುರಾಂಟ ನೇರಳೆ ಬಣ್ಣದ ಹೂ ಬಿಟ್ಟು, ಕಿತ್ತಳೆ ಹಳದಿಯ ಕಾಯಿಗಳ ಗೊಂಚಲು ಕಟ್ಟುತ್ತದೆ. ಆ ಕಾಯಿಗಳು ವಿಷಕಾರಿ. ಪುಟ್ಟ ಮಕ್ಕಳೋ ನಾಯಿಯೋ ಇರುವ ಮನೆಯಲ್ಲಿ ಹೂವಿನಾಸೆ ಬಿಟ್ಟು ಸವರುತ್ತಿರುವುದೇ ಮೇಲು.

ನಿಮ್ಮ ಜಾಗದಲ್ಲಿ ಬಿಸಿಲಿನ ಕೊರತೆ ನೀಗುವಂತಿಲ್ಲವೆಂದಾದರೆ, ಈ ಗಿಡಗಳಲ್ಲಿ ಹೊಂಬಣ್ಣ ಉಳಿದಿರುವ ಕೊಂಬೆಗಳಿಂದಲೇ ಅರೆಬಲಿತ ಕಡ್ಡಿಗಳನ್ನು ಮಳೆಗಾಲದಲ್ಲಿ ಕತ್ತರಿಸಿ, ಕುಂಡದಲ್ಲಿ ಬೇರು ಬರಿಸಿ ತಾರಸಿಗೆ ಒಯ್ಯಿರಿ. ನೆರಳಿನ ಆ ಪಟ್ಟಿಗೆ, ಎಲೆಯಂಚಿನಲ್ಲಿ ಹಳದಿ ಪಟ್ಟೆಯಿರುವ ಸಾಂಗ್ ಆಫ್ ಇಂಡಿಯಾ ಡ್ರಸೀನಾ ಹೆಚ್ಚು ಒಗ್ಗುತ್ತದೆ.