ಬಾಡಿಗೆ 14 ಸಾವಿರ, ಕಂತು 35 ಸಾವಿರ: ಬೋಗಾದಿಯ ಫ್ಲಾಟ್ ಈಗಲೇ ತಗೋಬೇಕಾ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ 14,000 ರೂಪಾಯಿ ಬಾಡಿಗೆಗೆ ಇದ್ದೇವೆ. ಬೋಗಾದಿಯಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ 60 ಲಕ್ಷಕ್ಕೆ ಸಿಗ್ತಿದೆ. ಕೈಯಲ್ಲಿ 20 ಲಕ್ಷ ಇದೆ, ಉಳಿದ 40 ಲಕ್ಷ ಸಾಲ ಮಾಡಬೇಕು. 'ಬಾಡಿಗೆ ಕೊಡೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ' ಅಂತ ನಮ್ಮತ್ತೆ ದಿನಾ ಹೇಳ್ತಾರೆ. ತಗೊಳ್ಳೋದಾ, ಬೇಡ್ವಾ?

ಉತ್ತರ: ಈಗ ಬೇಡ. ನಿಮ್ಮ ಲೆಕ್ಕದಲ್ಲಿ ನೋಂದಣಿ ಖರ್ಚೇ ಇಲ್ಲ.

ನಗರ ವ್ಯಾಪ್ತಿಯಲ್ಲಿ ಈ ಬೆಲೆಯ ಮನೆಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿದರೆ ಶೇ 5.6. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6. ಅಂದರೆ 60 ಲಕ್ಷಕ್ಕೆ 4 ಲಕ್ಷದ 56 ಸಾವಿರ. ಇದನ್ನು ಎಲ್ಲಿಂದ ತರ್ತೀರಿ? ತುಂಬಾ ಜನ ಒಡವೆ ಅಡ ಇಡುವುದು, ಪರ್ಸನಲ್ ಲೋನಿಗೆ ಕೈ ಹಾಕುವುದು ಇಲ್ಲೇ. ಮನೆಯೊಳಗೆ ಕಾಲಿಡುವ ಮೊದಲೇ ಎರಡು ಸಾಲ ಹೆಗಲೇರಿರುತ್ತವೆ. ನಿಮಗೆ ಹಾಗಾಗಬಾರದು.

ಇನ್ನು ಅತ್ತೆಯವರ ಮಾತು. ಅವರ ಕಾಳಜಿ ನಿಜವಾದದ್ದೇ. ಆದರೆ ಬಡ್ಡಿಯೂ ಒಂದು ಬಾಡಿಗೆಯೇ, ಬ್ಯಾಂಕಿಗೆ ಕೊಡುವ ಬಾಡಿಗೆ. 40 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಅಂತ ಇಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 34,700. ಮೊದಲ ತಿಂಗಳು ಅದರಲ್ಲಿ 28,333 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಜಮೆಯಾಗುವುದು ಬರೀ 6,400ರಷ್ಟು. ಇತ್ತ ನಿಮ್ಮ 20 ಲಕ್ಷ ಎಫ್‌ಡಿಯಲ್ಲಿ ಶೇ 6.5ಕ್ಕೆ ಇದ್ದರೂ ತಿಂಗಳಿಗೆ 10,800ರಷ್ಟು ಬರುತ್ತದೆ. ತೆರಿಗೆ ಕಳೆದರೂ ಬಾಡಿಗೆಯ ದೊಡ್ಡ ಪಾಲು ಅದರಲ್ಲೇ ನಡೆದುಹೋಗುತ್ತದೆ ಅಲ್ವಾ?

ಬೆಲೆ ಏರುತ್ತದಲ್ಲ ಅಂತ ಕೇಳಬಹುದು. ಏರುವುದು ಮುಖ್ಯವಾಗಿ ನೆಲದ ಬೆಲೆ, ಕಟ್ಟಡ ಹಳೆಯದಾಗುತ್ತಾ ಹೋಗುತ್ತದೆ. ಫ್ಲಾಟಿನಲ್ಲಿ ನಿಮ್ಮ ಪಾಲಿಗೆ ಬರುವ ನೆಲ ಕಡಿಮೆ.

ಹಾಗಂತ ಮನೆ ತಗೊಳ್ಳಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಹತ್ತು ವರ್ಷ ಮೈಸೂರು ಬಿಟ್ಟು ಹೋಗಲ್ಲ ಅನ್ನೋದು ಖಚಿತವಾಗಿರಬೇಕು. ನೋಂದಣಿ ದುಡ್ಡು ಬೇರೆ ಇರಬೇಕು, ಆರು ತಿಂಗಳ ಕಂತು ಪಕ್ಕಕ್ಕೆ ತೆಗೆದಿಟ್ಟಿರಬೇಕು. ಆಗ ಧೈರ್ಯವಾಗಿ ತಗೊಳ್ಳಿ. ಮಾಲೀಕರು ಯಾವಾಗ ಖಾಲಿ ಮಾಡಿ ಅಂತಾರೋ ಅನ್ನುವ ಭಯ ಇಲ್ಲದೆ ಗೋಡೆಗೆ ಮೊಳೆ ಹೊಡೆಯುವ ನೆಮ್ಮದಿ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಇ-ಖಾತಾ, ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಅಂತ ತೋರಿಸುವ ಸ್ಥಳೀಯ ಸಂಸ್ಥೆಯ ಡಿಜಿಟಲ್ ದಾಖಲೆ, ಇಲ್ಲದೆ ನೋಂದಣಿ ಆಗುವುದಿಲ್ಲ, ಮುಂಗಡ ಕೊಡುವ ಮೊದಲೇ ಅದನ್ನು ಕೇಳಿ.

ಅಲ್ಲಿಯವರೆಗೆ ಭೋಗ್ಯಕ್ಕೆ ಹೋಗೋಣ್ವಾ ಅಂತಲೂ ನಿಮಗೆ ಅನಿಸಬಹುದು. ಒಂದೇ ಸಲ ದುಡ್ಡು ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಪೂರ್ತಿ ವಾಪಸ್ ಪಡೆಯುವ ಪದ್ಧತಿ ನಮ್ಮಲ್ಲಿ ಚೆನ್ನಾಗಿ ಬಳಕೆಯಲ್ಲಿದೆ. ಆದರೆ ಎಚ್ಚರ. ನನಗೆ ಗೊತ್ತಿರುವ ಒಂದು ಕುಟುಂಬ ವಿಜಯನಗರದಲ್ಲಿ 8 ಲಕ್ಷ ಕೊಟ್ಟು ಭೋಗ್ಯಕ್ಕಿತ್ತು. ಒಂದು ಬೆಳಿಗ್ಗೆ ರಂಗೋಲಿ ಹಾಕಲು ಹೊರಗೆ ಬಂದ ಆ ಮನೆಯಾಕೆಗೆ ಕಂಡದ್ದು ಗೇಟಿಗೆ ಅಂಟಿಸಿದ್ದ ಬ್ಯಾಂಕಿನ ನೋಟಿಸು. ಮಾಲೀಕರು ಮನೆಯ ಮೇಲೆ ಸಾಲ ಮಾಡಿ ಕಟ್ಟದೆ ಬಿಟ್ಟಿದ್ದರು. ಆ 8 ಲಕ್ಷಕ್ಕಾಗಿ ಗಂಡ ಹೆಂಡತಿ ಎಷ್ಟು ಅಲೆದರು ಅಂತ ಕಣ್ಣಾರೆ ನೋಡಿದ್ದೇನೆ.

ಅದಕ್ಕೇ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ (ಇಸಿ), ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳ ಪಟ್ಟಿ ತೆಗೆಸಿ. ಅಷ್ಟಕ್ಕೇ ನಿಲ್ಲಿಸಬೇಡಿ. ಮೂಲ ಕ್ರಯಪತ್ರವನ್ನೇ ತೋರಿಸಿ ಅನ್ನಿ, ಜೆರಾಕ್ಸ್ ಬೇಡ. ಮನೆ ಮೇಲೆ ಸಾಲ ಇದ್ದರೆ ಮೂಲ ಪತ್ರ ಸಾಮಾನ್ಯವಾಗಿ ಬ್ಯಾಂಕಿನಲ್ಲಿರುತ್ತದೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರಾದರೆ ಕಡ್ಡಾಯವಾಗಿ ನೋಂದಣಿ ಮಾಡಿಸಿ. ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ. ಟು-ಲೆಟ್ ಬೋರ್ಡುಗಳು ಹಾಗೇ ನೇತಾಡುತ್ತಿರುತ್ತವೆ. ಆಗಲೇ ಹೋಗಿ ನೋಡಿ, ಮಾತಾಡಿ. ಶ್ರಾವಣ ಬಂದ ಮೇಲೆ ಹಾಲುಕ್ಕಿಸಿದರಾಯಿತು.