ಏಳನೆಯ ದಿನವೇ ತಿಳಿಯುವ ಕರುವಿನ ಲಿಂಗ

ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಹಟ್ಟಿಗಳಲ್ಲಿ ದನ ಕರು ಹಾಕಿದೊಡನೆ ಯಾರಾದರೊಬ್ಬರು ಅದರ ಬಾಲ ಎತ್ತಿ ನೋಡುತ್ತಾರೆ. ಸುಮಾರು 280 ದಿನ ಕಾದು ತಿಳಿಯುವ ಆ ಸಂಗತಿಯನ್ನು, ಒಂದು ದನದ ಭ್ರೂಣವನ್ನು ಇನ್ನೊಂದರ ಗರ್ಭಕೋಶದಲ್ಲಿ ಬೆಳೆಸುವ ಭ್ರೂಣ ವರ್ಗಾವಣೆಯ ಪ್ರಯೋಗಾಲಯದಲ್ಲಿ ಏಳನೆಯ ದಿನವೇ, ಭ್ರೂಣವು ಬಾಡಿಗೆ ತಾಯಿಯ ಗರ್ಭಕೋಶ ಸೇರುವ ಮೊದಲೇ, ಕಂಡುಕೊಳ್ಳಬಹುದು. ಇಂಥ ಯತ್ನ ಹೊಸತೇನಲ್ಲ. ಗಾರ್ಡ್ನರ್ ಮತ್ತು ಎಡ್ವರ್ಡ್ಸ್ ಎಂಬ ವಿಜ್ಞಾನಿಗಳು 1968ರಷ್ಟು ಹಿಂದೆಯೇ ಲಿಂಗ ಗುರುತಿಸಿದ ಮೊಲದ ಭ್ರೂಣಗಳನ್ನು ವರ್ಗಾಯಿಸಿ ಮರಿಗಳನ್ನು ಪಡೆದಿದ್ದರು.

ಏಳು ದಿನದ ಭ್ರೂಣವೆಂದರೆ ನೂರರ ಆಸುಪಾಸಿನ ಜೀವಕೋಶಗಳ ಒಂದು ಗುಳ್ಳೆ. ಅದರ ಅಡ್ಡಳತೆ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗವೂ ಇಲ್ಲ. ಒಳಗೆ ಒಂದು ಬದಿಗೆ ಒತ್ತಾಗಿ ಕುಳಿತ ಕೋಶಗಳು ಕರುವಾಗುತ್ತವೆ, ಸುತ್ತಲಿನ ತೆಳುಪದರ ಮಾಸು ಆಗುತ್ತದೆ. ಸೂಕ್ಷ್ಮದರ್ಶಕದಡಿ ಪುಟ್ಟ ಅಲಗಿನಿಂದ ಆ ಹೊರಪದರದ ಕೆಲವೇ ಕೋಶಗಳನ್ನು ಕತ್ತರಿಸಿ ತೆಗೆಯುತ್ತಾರೆ. ಅವುಗಳಲ್ಲಿರುವ ಅತ್ಯಲ್ಪ ಡಿಎನ್‌ಎಯನ್ನು ಕೋಟ್ಯಂತರ ಪ್ರತಿಗಳಾಗಿ ಹೆಚ್ಚಿಸುವುದು ಪಿಸಿಆರ್. 2021ರಲ್ಲಿ ತಲಪಾಡಿ ಗಡಿ ದಾಟಲು ನಾವು ಕೈಯಲ್ಲಿ ಹಿಡಿದು ನಿಂತ ಕೋವಿಡ್ ಪರೀಕ್ಷೆಯ ಚೀಟಿಯ ಹಿಂದಿದ್ದ ವಿಧಾನವೂ ಮೂಲತಃ ಇದೇ.

ಹುಡುಕುವುದು ಗಂಡಿನಲ್ಲಿ ಮಾತ್ರ ಇರುವ ವೈ ವರ್ಣತಂತುವಿನ ತುಣುಕನ್ನು. ಕಷ್ಟ ಇರುವುದೂ ಇಲ್ಲಿಯೇ. ವೈ ಸಿಗಲಿಲ್ಲವೆಂದ ಮಾತ್ರಕ್ಕೆ ಭ್ರೂಣ ಹೆಣ್ಣೆನ್ನುವಂತಿಲ್ಲ, ಏಕೆಂದರೆ ಕತ್ತರಿಸಿದ ಕೋಶಗಳು ನಳಿಕೆಗೆ ಬೀಳದೆ ತಪ್ಪಿಹೋಗಿದ್ದರೂ ಉತ್ತರ ಹಾಗೆಯೇ ಬರುತ್ತದೆ. ಆದ್ದರಿಂದ ಎರಡೂ ಲಿಂಗಗಳಲ್ಲಿರುವ ಇನ್ನೊಂದು ತುಣುಕನ್ನೂ ಜೊತೆಗೇ ಹುಡುಕಬೇಕು. ಹಲ್ಲಿನ ಎನಾಮಲ್‌ಗೆ ಸಂಬಂಧಿಸಿದ ಅಮೆಲೊಜೆನಿನ್ ಜೀನ್ ಈ ಎರಡು ಕೆಲಸವನ್ನೂ ಒಂದೇ ಬಾರಿಗೆ ಮಾಡುತ್ತದೆ: ದನಗಳಲ್ಲಿ ಅದರ ಎಕ್ಸ್ ಪ್ರತಿಯಿಂದ 280 ಅಕ್ಷರಗಳ ತುಣುಕು, ವೈ ಪ್ರತಿಯಿಂದ 217 ಅಕ್ಷರಗಳ ತುಣುಕು ದೊರೆಯುತ್ತದೆ. ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿದಾಗ ಒಂದು ಗೆರೆ ಕಂಡರೆ ಹೆಣ್ಣು, ಎರಡು ಕಂಡರೆ ಗಂಡು, ಒಂದೂ ಕಾಣದಿದ್ದರೆ ಪರೀಕ್ಷೆಯೇ ಸೋತಿದೆ. ಪಿಸಿಆರ್‌ಗೆ ದ್ರವವನ್ನು ಮತ್ತೆ ಮತ್ತೆ ಕಾಯಿಸಿ ತಣಿಸಬೇಕು; ಡಿಎನ್‌ಎ ಹೆಚ್ಚಿಸುವ ಇನ್ನೊಂದು ಬಗೆಯಾದ, ಜಪಾನಿನಲ್ಲಿ ರೂಪುಗೊಂಡ ಲ್ಯಾಂಪ್ ವಿಧಾನದಲ್ಲಿ ಒಂದೇ ಉಷ್ಣಾಂಶ ಸಾಕು, ದ್ರವ ಮಬ್ಬಾಗುವುದರಿಂದಲೇ ಫಲಿತಾಂಶ ತಿಳಿಯುತ್ತದೆ. ಹಳ್ಳಿಯ ಕೊಟ್ಟಿಗೆಗೆ ಹತ್ತಿರವಾಗಬಲ್ಲ ದಾರಿ ಇದೆಂದು ನನಗನ್ನಿಸುತ್ತದೆ.

ಈ ತಿಳಿವಳಿಕೆಗೆ ಭ್ರೂಣ ಬೆಲೆ ತೆರುತ್ತದೆ. ಗಾಯಗೊಂಡ ಭ್ರೂಣ ಅಂದೇ ವರ್ಗಾವಣೆಯಾದರೆ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ, ಶೀತಲೀಕರಿಸಿಟ್ಟರೆ ಅಷ್ಟು ಚೆನ್ನಾಗಿ ಬದುಕುವುದಿಲ್ಲ. ಒಂದೇ ದನಕ್ಕೆ ಎರಡು ಭ್ರೂಣ ಇಡುವುದಾದರೆ ಮಾತ್ರ ಪರೀಕ್ಷೆ ಬಿಡುವಂತಿಲ್ಲ: ಹೋರಿಯೊಡನೆ ಅವಳಿಯಾಗಿ ಹುಟ್ಟಿದ ಕಡಸು ಹತ್ತರಲ್ಲಿ ಒಂಬತ್ತು ಬಾರಿ ಗೊಡ್ಡು.

ನಮ್ಮ ನಾಡತಳಿಯ ಗಿಡ್ಡ ದನವಾದ ಕಾಸರಗೋಡು ಗಿಡ್ಡದ ಮಟ್ಟಿಗೆ ಲೆಕ್ಕವೇ ಬೇರೆ. ಹೈನಿನವರಿಗೆ ಹೆಣ್ಣು ಕರು ಸಾಕು. ಈ ತಳಿ ಉಳಿಯಬೇಕಾದರೆ ಬೇರೆ ಬೇರೆ ವಂಶದ ಹೋರಿಗಳೂ ಬೇಕು. ಗಂಡೆಂದು ಗೊತ್ತಾದ ಗಿಡ್ಡದ ಭ್ರೂಣಕ್ಕೂ ಅದೇ ದಿನ ಒಂದು ಬಾಡಿಗೆ ತಾಯಿ ಸಿದ್ಧವಾಗಿರಬೇಕು.