ವೈಪರ್ ಆರ್ಮ್ ಬಿಚ್ಚುವ ಮುನ್ನ ಗಾಜಿಗೊಂದು ಟೇಪ್ ಅಂಟಿಸಿ

"ನಟ್ ಬಿಚ್ಚಿ ಆಯ್ತು, ಆರ್ಮ್ ಮಾತ್ರ ಅಲ್ಲಾಡ್ತಾನೇ ಇಲ್ಲ." ಗ್ಯಾರೇಜಿಗೆ ಬರುವ ಎಷ್ಟೋ ಜನ ಹೀಗೇ ಮಾತು ಶುರು ಮಾಡುತ್ತಾರೆ. ಅಷ್ಟರಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಿ ಮೀಟಿ ಕೆಳಗಿನ ಪ್ಲಾಸ್ಟಿಕ್ ಪ್ಯಾನೆಲ್ ಸೀಳಿರುತ್ತದೆ, ಕೆಲವೊಮ್ಮೆ ಗಾಜಿನ ಅಂಚಿನಲ್ಲೇ ಚಕ್ಕೆ ಎದ್ದಿರುತ್ತದೆ. ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ.

ಆರ್ಮ್ ಕೂರುವ ಕಡ್ಡಿ ಉಕ್ಕಿನದು. ತುದಿಗೆ ಹೋದಂತೆ ಸಪೂರವಾಗುತ್ತದೆ, ಮೈತುಂಬ ಸಣ್ಣ ಹಲ್ಲುಗಳಿರುತ್ತವೆ. ಆರ್ಮಿನ ಬುಡ ಹೆಚ್ಚಾಗಿ ಅಲ್ಯೂಮಿನಿಯಂ. ನಟ್ ಬಿಗಿ ಮಾಡಿದಾಗ ಬುಡ ಆ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಎರಡು ಬೇರೆ ಬೇರೆ ಲೋಹಗಳ ನಡುವೆ ಮಳೆನೀರು ಇಳಿದು ಬಿಳಿ ಪುಡಿಯಂಥ ತುಕ್ಕು ಕಟ್ಟಿ, ಕೆಲವು ವರ್ಷ ಹಾಗೇ ಬಿಟ್ಟರೆ ಬೆಸುಗೆ ಹಾಕಿದಷ್ಟು ಗಟ್ಟಿಯಾಗುತ್ತದೆ. ನಟ್ ತೆಗೆದ ಮಾತ್ರಕ್ಕೆ ಈ ಹಿಡಿತ ಬಿಡುವುದಿಲ್ಲ.

ಮೊದಲು ವೈಪರನ್ನು ಒಂದು ಸಲ ಓಡಿಸಿ ನಿಲ್ಲಿಸಿ. ಅದು ತನ್ನ ಜಾಗಕ್ಕೆ ಬಂದ ಮೇಲೆ ಇಗ್ನಿಷನ್ ಆಫ್ ಮಾಡಿ. ಬ್ಲೇಡ್ ನಿಂತಿರುವ ಗೆರೆಗೆ ಸರಿಯಾಗಿ ಗಾಜಿಗೆ ಟೇಪ್ ಅಂಟಿಸಿ. ಎಡ ಬಲ ಆರ್ಮುಗಳು ಬೇರೆ ಬೇರೆ ಇರುವುದು ಸಾಮಾನ್ಯ, ಅದನ್ನೂ ಗುರುತು ಮಾಡಿ. ಗಾಜಿನ ಮೇಲೆ ದಪ್ಪ ಬಟ್ಟೆ ಹಾಸಿ, ಸ್ಪ್ರಿಂಗ್ ಇರುವ ಆರ್ಮ್ ಕೈಜಾರಿ ಬಡಿದರೆ ಗಾಜು ಬಿರುಕು ಬಿಡುತ್ತದೆ.

ಬುಡದ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ನಟ್ ಸಡಿಲಿಸಿ, ಆದರೆ ಪೂರ್ತಿ ತೆಗೆಯಬೇಡಿ. ಎರಡು ಮೂರು ಸುತ್ತು ಉಳಿಯಲಿ, ಥ್ರೆಡ್ ಹಾಳಾಗುವುದಿಲ್ಲ, ಆರ್ಮ್ ಹಠಾತ್ತನೆ ಕಿತ್ತುಬಂದರೂ ಹಾರುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ. ಆಮೇಲೆ ಆರ್ಮನ್ನು ಗಾಜಿನಿಂದ ಎತ್ತಿ ಹಿಡಿದು, ಬುಡದ ಹತ್ತಿರವೇ ಹಿಡಿದು ಆಚೀಚೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ. ಆಗಲೂ ಬರದಿದ್ದರೆ ಎರಡು ಕಾಲಿನ ಚಿಕ್ಕ ಪುಲ್ಲರ್ ಹಾಕಿ. ಅದು ಕಡ್ಡಿಯನ್ನು ಒತ್ತುತ್ತಾ ಬುಡವನ್ನು ನೇರವಾಗಿ ಮೇಲಕ್ಕೆ ಎಳೆಯುತ್ತದೆ, ಗಾಜಿಗಾಗಲಿ ಪ್ಯಾನೆಲಿಗಾಗಲಿ ಭಾರ ಬೀಳುವುದಿಲ್ಲ. ಸುತ್ತಿಗೆ ಮಾತ್ರ ಬೇಡವೇ ಬೇಡ, ಕಡ್ಡಿಯ ಮೇಲೆ ಹೊಡೆದ ಪೆಟ್ಟು ಕೆಳಗೆ ಅದು ತಿರುಗುವ ಬಳೆಗೆ (ಬುಶ್) ಮತ್ತು ಮೋಟಾರಿನಿಂದ ಚಲನೆ ತರುವ ಸರಳುಗಳಿಗೆ (ಲಿಂಕೇಜ್) ಹೋಗುತ್ತದೆ.

ಹಿಡಿತ ಬಿಟ್ಟ ಮೇಲೆ ನಟ್ ಪೂರ್ತಿ ತೆಗೆದು ಆರ್ಮ್ ಎತ್ತಿಡಿ. ಈಗ ಗಾಜಿನ ಬುಡದ ಪ್ಯಾನೆಲ್, ಅದನ್ನೂ ತೆಗೆಯಬೇಕಿದ್ದರೆ. ಮೊದಲು ಬಾನೆಟ್ ಕಡೆಯ ರಬ್ಬರ್ ಬೀಡಿಂಗ್ ಎಳೆದು ತೆಗೆಯಿರಿ. ಕ್ಲಿಪ್ಪುಗಳಲ್ಲಿ ನಡುವಿನ ಪಿನ್ ಮೊದಲು ಮೇಲೆ ಬರಬೇಕು, ಆಮೇಲೇ ಇಡೀ ಕ್ಲಿಪ್ ಬರುತ್ತದೆ. ತುಂಬಾ ಕಾರುಗಳಲ್ಲಿ ಪ್ಯಾನೆಲಿನ ಮೇಲಂಚು ಗಾಜಿನ ಕೆಳಗಿನ ಸಂದಿಯಲ್ಲಿ ಕೂತಿರುತ್ತದೆ, ಅದನ್ನು ಒಂದು ತುದಿಯಿಂದ ನಿಧಾನವಾಗಿ ಬಿಡಿಸಿಕೊಂಡು ಬರಬೇಕು. ಕೆಲವದರಲ್ಲಿ ನೀರು ಚಿಮ್ಮಿಸುವ ವಾಷರ್ ಪೈಪ್ ಕೆಳಗೇ ಸಿಕ್ಕಿರುತ್ತದೆ, ನೋಡದೆ ಎಳೆದರೆ ಹರಿಯುತ್ತದೆ. ಬಿಸಿಲಿಗೆ ಒಣಗಿದ ಹಳೇ ಪ್ಲಾಸ್ಟಿಕ್ ಚಳಿಯಲ್ಲಿ ಇನ್ನೂ ಬೇಗ ಮುರಿಯುತ್ತದೆ, ಸ್ವಲ್ಪ ಬೆಚ್ಚಗಾದ ಮೇಲೆ ಮುಟ್ಟಿದರೆ ಒಳ್ಳೆಯದು.

ಅಡಿಯಲ್ಲಿ ಎಲೆ, ಕಸ ಇದ್ದೇ ಇರುತ್ತದೆ, ಅಲ್ವಾ? ಎಲ್ಲ ತೆಗೆಯಿರಿ. ನೀರು ಹೋಗುವ ತೂತು ಕಟ್ಟಿಕೊಂಡರೆ ಗಾಳಿ ಹೋಗುವ ದಾರಿಯಿಂದ ನೀರು ಕಾರಿನೊಳಗೇ ಬರುತ್ತದೆ.

ಮತ್ತೆ ಜೋಡಿಸುವಾಗ ಹಲ್ಲುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ಮೋಟಾರನ್ನು ಒಮ್ಮೆ ಓಡಿಸಿ ನಿಲ್ಲಿಸಿ, ಬ್ಲೇಡ್ ಟೇಪಿನ ಗೆರೆಗೆ ಬರುವ ಹಾಗೆ ಆರ್ಮ್ ಕೂರಿಸಿ. ನಟ್ಟನ್ನು ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಓಡಿಸಿ ನೋಡುವ ಮುಂಚೆ ಟೇಪ್ ಕಿತ್ತು, ಗಾಜಿಗೆ ನೀರು ಹಾಕಿ.